ಮನೆ ಬದಲಾದರೆ ದೂರವಾಣಿ ಸಂಖ್ಯೆ ಉಳಿಯುವುದೇ?

ಮನೆ ಬದಲಿಸುವಾಗ ಪಾತ್ರೆ-ಪಡಗ, ದನಕರು, ಕಾಗದಪತ್ರ ಎಲ್ಲವನ್ನೂ ನೆನಪಿಟ್ಟು ಸಾಗಿಸುತ್ತೇವೆ. ಸ್ಥಿರ ದೂರವಾಣಿಯ ಸಂಖ್ಯೆ ಮಾತ್ರ ಕೊನೆಗೆ ನೆನಪಾಗುತ್ತದೆ. ಮೊಬೈಲ್ ಸಿಗ್ನಲ್ ಸಿಗದ ಕಣಿವೆಯ ತೋಟಗಳಲ್ಲಿ ಕಾಫಿ ವ್ಯಾಪಾರಿಗೆ, ಅಡಿಕೆ ಮಂಡಿಗೆ, ಕೊಯ್ಲಿನ ಮೇಸ್ತ್ರಿಗೆ ಗೊತ್ತಿರುವುದು ಆ ಸಂಖ್ಯೆಯೊಂದೇ. ಅದು ಕೈತಪ್ಪಿದರೆ ಧಾರಣೆ ಏರಿದ ದಿನದ ಕರೆಯೂ ತಪ್ಪುತ್ತದೆ.

ಸಂಖ್ಯೆ ನಮ್ಮದೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಎಕ್ಸ್‌ಚೇಂಜಿಗೆ ಕಟ್ಟುಬಿದ್ದದ್ದು. ಎಸ್‌ಟಿಡಿ ಕೋಡ್ ಊರನ್ನು ಸೂಚಿಸಿದರೆ, ನಂತರದ ಮೊದಲ ಅಂಕಿಗಳು ಎಕ್ಸ್‌ಚೇಂಜನ್ನು ಸೂಚಿಸುತ್ತವೆ. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೆಲಸ ಆರಂಭಿಸಿತು. ಅದರ ಸಾಮರ್ಥ್ಯ 128 ಪೋರ್ಟುಗಳು. ಇಂಥ ಚಿಕ್ಕ ಎಕ್ಸ್‌ಚೇಂಜುಗಳೇ ಹಳ್ಳಿಗಳಿಗೆ ದೂರವಾಣಿ ತಂದವು. ಒಂದೊಂದರ ವ್ಯಾಪ್ತಿಯೂ ಚಿಕ್ಕದಾಗಿತ್ತು.

ಸೀರೆಗೆ ಹೆಸರಾದ ಇಳಕಲ್ಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿನ ಒಬ್ಬರು ಊರೊಳಗೇ ಒಂದು ಓಣಿಯಿಂದ ಇನ್ನೊಂದಕ್ಕೆ ಹೋದರೆ, ಅದೇ ಎಕ್ಸ್‌ಚೇಂಜಿನ ವ್ಯಾಪ್ತಿಯಾದ್ದರಿಂದ ತಂತಿಯಷ್ಟೇ ಬದಲಾಗುತ್ತದೆ, ಸಂಖ್ಯೆ ಉಳಿಯುತ್ತದೆ. ಇಳಕಲ್, ಹುನಗುಂದ ಎರಡಕ್ಕೂ ಕೋಡ್ 08351; ಆದರೂ ಎಕ್ಸ್‌ಚೇಂಜ್ ಬೇರೆಯಾದರೆ ಸಂಖ್ಯೆ ಉಳಿಯುವ ಭರವಸೆಯಿಲ್ಲ. ಬಾಗಲಕೋಟೆಗೆ (08354) ಅಥವಾ ಬಾದಾಮಿಗೆ (08357) ಹೋದರಂತೂ ಜಿಲ್ಲೆ ಒಂದೇ ಆದರೂ ಕೋಡೇ ಬೇರೆ. ಹೊಸ ಸಂಖ್ಯೆ ಪಡೆಯಬೇಕು. ಮಡಿಕೇರಿಯಿಂದ (08272) ವಿರಾಜಪೇಟೆಗೆ (08274) ಹೋಗುವ ನಮ್ಮ ಬೆಳೆಗಾರರಿಗೂ ಇದೇ ಲೆಕ್ಕ.

ಮೊಬೈಲಿನವರಿಗೆ 2011ರ ಜನವರಿ 20ರಿಂದ ದೇಶದಾದ್ಯಂತ ಕಂಪನಿ ಬದಲಿಸಿದರೂ ಸಂಖ್ಯೆ ಉಳಿಸಿಕೊಳ್ಳುವ ಹಕ್ಕು ಬಂದಿದೆ. ಆ ಹಕ್ಕು ಸ್ಥಿರ ದೂರವಾಣಿಗೆ ಇಲ್ಲ.

ಆದ್ದರಿಂದ ಬೆಳೆಗಾರ ಬಾಂಧವರು ಗಮನಿಸಬೇಕಾದ ಸಂಗತಿಗಳು ಇವು. ಮೊದಲನೆಯದಾಗಿ, ಹಳೆಯ ಸಂಪರ್ಕವನ್ನು ರದ್ದು ಮಾಡಿಸಬೇಡಿ. ಸ್ಥಳಾಂತರಕ್ಕೆಂದೇ ಅರ್ಜಿ ಕೊಡಿ. ರದ್ದಾದ ಸಂಖ್ಯೆ ಮುಂದೆ ಬೇರೊಬ್ಬರ ಪಾಲಾಗಬಹುದು. ಎರಡನೆಯದಾಗಿ, ಬಾಕಿ ಬಿಲ್ಲು ತೀರಿಸಿ, ಅರ್ಜಿಗೆ ಸ್ವೀಕೃತಿ ಪಡೆದುಕೊಳ್ಳಿ. ಮೂರನೆಯದಾಗಿ, ಹೊಸ ಜಾಗದಲ್ಲಿ ತಾಮ್ರದ ತಂತಿ ಇಲ್ಲದಿದ್ದರೆ ಫೈಬರ್ ಸಂಪರ್ಕದಲ್ಲಿ ಹಳೆಯ ಸಂಖ್ಯೆಯನ್ನೇ ಕೊಡಲಾದೀತೇ ಎಂದು ವಿಚಾರಿಸಿ. ಬಿಎಸ್‌ಎನ್‌ಎಲ್ ತಾಮ್ರದಿಂದ ಫೈಬರಿಗೆ ಬದಲಾಗುವವರಿಗೆ ಸಂಖ್ಯೆ ಉಳಿಸಿಕೊಡುವ ವ್ಯವಸ್ಥೆ ಮಾಡಿದೆ.

ಸಂಖ್ಯೆ ಉಳಿಯದೆಂದು ಖಚಿತವಾದರೆ ಹಳೆಯ ಸಂಖ್ಯೆಗೆ ಬರುವ ಕರೆಗಳನ್ನು ಕೆಲಕಾಲ ಹೊಸದಕ್ಕೆ ತಿರುಗಿಸಲು ಸಾಧ್ಯವೇ ಎಂದು ಕೇಳಿ. ಸೊಸೈಟಿ, ಬ್ಯಾಂಕು, ಮಂಡಿ, ದೂರದಲ್ಲಿರುವ ಮಕ್ಕಳು, ಎಲ್ಲರಿಗೂ ಹೊಸ ಸಂಖ್ಯೆಯನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬುದನ್ನು ಮನೆಯ ಹಿರಿಯರಿಗೂ ಹೇಳಿಕೊಡಿ.

ಸಾಧ್ಯವಾದಷ್ಟು ಕೊಯ್ಲಿಗೆ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಿ. ಕಣದಲ್ಲಿ ಕಾಫಿ ಒಣಗುತ್ತಿರುವಾಗ ದೂರವಾಣಿ ಕಚೇರಿಗೆ ಅಲೆಯಲು ಯಾರಿಗೂ ಬಿಡುವಿರುವುದಿಲ್ಲ.