ಸಣ್ಣ ಉದ್ದಿಮೆಗೆ ವಿಪಿಎನ್ ರೂಟರ್: ಆಯ್ಕೆಗೆ ಮುನ್ನ ಅರಿಯಬೇಕಾದ ಅಂಶಗಳು

ವ್ಯಾಪಾರವು ಬೆಳೆದಂತೆ ಅದರ ಲೆಕ್ಕಪತ್ರಗಳು ಒಂದೇ ಸೂರಿನ ಕೆಳಗೆ ಉಳಿಯುವುದಿಲ್ಲ. ಮುಂಬಯಿಯ ಮಾಟುಂಗಾದಲ್ಲಿ ಉಡುಪಿ ಉಪಾಹಾರಗೃಹವನ್ನು ನಡೆಸುವ ಒಬ್ಬ ಉದ್ಯಮಿಯನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಅವರ ಎರಡನೆಯ ಶಾಖೆ ಠಾಣೆಯಲ್ಲಿದೆ, ದಿನಸಿ ಸಾಮಾನುಗಳ ಗೋದಾಮು ಭಿವಂಡಿಯಲ್ಲಿದೆ, ಲೆಕ್ಕಪರಿಶೋಧಕರು ಪುಣೆಯಲ್ಲಿದ್ದಾರೆ. ದಿನದ ಬಿಲ್ಲುಗಳು, ಸರಕು ಮತ್ತು ಸೇವಾ ತೆರಿಗೆಯ ವಿವರಗಳು, ನೌಕರರ ವೇತನಪಟ್ಟಿ, ವರ್ತಕರಿಗೆ ಸಲ್ಲಬೇಕಾದ ಬಾಕಿ ಇವೆಲ್ಲವೂ ಮಾಟುಂಗಾ ಕಚೇರಿಯ ಒಂದು ಕಂಪ್ಯೂಟರಿನಲ್ಲಿವೆ. ಉಳಿದ ಮೂರು ಸ್ಥಳಗಳಿಗೂ ಈ ಮಾಹಿತಿ ದೊರೆಯಬೇಕು. ಆದರೆ ಅನ್ಯರಿಗೆ ದೊರೆಯಬಾರದು. ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳ ಸಹಸ್ರಾರು ಸಣ್ಣ ಉದ್ದಿಮೆಗಳ ಮುಂದೆಯೂ ಇದೇ ಪ್ರಶ್ನೆ ಇದೆ.

ಇಂತಹ ಸಂದರ್ಭದಲ್ಲಿ ಕೆಲವರು ಸುಲಭವಾದ, ಆದರೆ ಅತ್ಯಂತ ಅಪಾಯಕರವಾದ ದಾರಿಯನ್ನು ಹಿಡಿಯುತ್ತಾರೆ. ಕಚೇರಿಯ ಕಂಪ್ಯೂಟರನ್ನು ದೂರದಿಂದ ನಿಯಂತ್ರಿಸುವ ‘ರಿಮೋಟ್ ಡೆಸ್ಕ್‌ಟಾಪ್’ ಸೌಲಭ್ಯವನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡುತ್ತಾರೆ. ಅಂತರ್ಜಾಲದಲ್ಲಿ ಹೀಗೆ ತೆರೆದಿರುವ ದ್ವಾರಗಳನ್ನು ಹುಡುಕುವ ಸ್ವಯಂಚಾಲಿತ ತಂತ್ರಾಂಶಗಳು ಹಗಲಿರುಳೂ ಕಾರ್ಯನಿರತವಾಗಿರುತ್ತವೆ. ಸುಲಭವಾದ ಗುಪ್ತಪದವನ್ನು ಊಹಿಸಿ ಒಳಹೊಕ್ಕ ಅಪರಾಧಿಗಳು ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಅವುಗಳ ಬಿಡುಗಡೆಗೆ ಹಣ ಕೇಳುತ್ತಾರೆ. ರ‍್ಯಾನ್ಸಮ್‌ವೇರ್ ಎಂಬ ಈ ಪಿಡುಗಿಗೆ ತುತ್ತಾದ ದೊಡ್ಡ ಸಂಸ್ಥೆಗಳು ತಜ್ಞರ ನೆರವಿನಿಂದ ಚೇತರಿಸಿಕೊಳ್ಳಬಹುದು. ಯಾರಿಂದ ಎಷ್ಟು ಹಣ ಬರಬೇಕು ಎಂಬ ಲೆಕ್ಕವನ್ನೇ ಕಳೆದುಕೊಂಡ ಸಣ್ಣ ವ್ಯಾಪಾರಕ್ಕೆ ಮಾತ್ರ ಅದು ಅಳಿವು ಉಳಿವಿನ ಪ್ರಶ್ನೆಯಾಗುತ್ತದೆ. ಈ ಅಪಾಯವನ್ನು ತಗ್ಗಿಸುವ ಸಾಧನಗಳಲ್ಲಿ ವಿಪಿಎನ್ ರೂಟರ್ ಮುಖ್ಯವಾದುದು.

ವಿಪಿಎನ್ ಎಂದರೇನು?

ವರ್ಚುಯಲ್ ಪ್ರೈವೇಟ್ ನೆಟ್‌ವರ್ಕ್ ಎಂಬುದರ ಸಂಕ್ಷಿಪ್ತ ರೂಪವೇ ವಿಪಿಎನ್. ಸಾರ್ವಜನಿಕ ಅಂತರ್ಜಾಲದ ಮೂಲಕವೇ, ಆದರೆ ಖಾಸಗಿಯಾಗಿ, ಮಾಹಿತಿಯನ್ನು ಸಾಗಿಸುವ ವ್ಯವಸ್ಥೆ ಇದು. ಅಂಚೆ ಕಾರ್ಡಿನ ಒಕ್ಕಣೆಯನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಮೊಹರು ಮಾಡಿದ ಲಕೋಟೆಯ ಒಳಗಿರುವುದನ್ನು ಓದಲಾಗದು. ವಿಪಿಎನ್ ರೂಟರ್ ಕಚೇರಿಯಿಂದ ಹೊರಡುವ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸುತ್ತದೆ. ಮತ್ತೊಂದು ತುದಿಯ ಉಪಕರಣವು, ಕಳುಹಿಸಿದವರ ಗುರುತನ್ನು ಖಚಿತಪಡಿಸಿಕೊಂಡು, ಅದನ್ನು ಮೂಲ ರೂಪಕ್ಕೆ ತರುತ್ತದೆ. ಎರಡು ತುದಿಗಳ ನಡುವಣ ಈ ಮಾರ್ಗವನ್ನು ‘ಟನಲ್’, ಅಂದರೆ ಸುರಂಗ, ಎಂದು ಕರೆಯುವರು.

ಮೊಬೈಲ್ ಫೋನುಗಳಲ್ಲಿ ಬಳಕೆದಾರರ ಸ್ಥಳವನ್ನು ಮರೆಮಾಡಲು ಮಾರಲಾಗುವ ವಿಪಿಎನ್ ಸೇವೆಗಳೇ ಬೇರೆ. ಕಚೇರಿಗಳನ್ನು ಪರಸ್ಪರ ಜೋಡಿಸುವ ಈ ವ್ಯವಸ್ಥೆಯೇ ಬೇರೆ. ಇಲ್ಲಿ ಎರಡೂ ತುದಿಗಳು ಉದ್ದಿಮೆಯ ಸ್ವಾಧೀನದಲ್ಲಿರುತ್ತವೆ.

ಅಗತ್ಯದ ಲೆಕ್ಕ

ಅಂಗಡಿಗೆ ಹೋಗುವ ಮುನ್ನ ಅಗತ್ಯಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸಂಪರ್ಕವು ಎರಡು ಬಗೆಯದು. ಶಾಖೆಯ ಇಡೀ ಜಾಲವನ್ನು ಪ್ರಧಾನ ಕಚೇರಿಯ ಜಾಲಕ್ಕೆ ಸದಾಕಾಲ ಜೋಡಿಸಿಡುವುದು ಮೊದಲನೆಯದು. ಮನೆಯಲ್ಲಿ ಅಥವಾ ಪ್ರವಾಸದಲ್ಲಿರುವ ಒಬ್ಬ ವ್ಯಕ್ತಿಯು ತನ್ನ ಕಂಪ್ಯೂಟರಿನಿಂದ ಬೇಕಾದಾಗ ಮಾತ್ರ ಕಚೇರಿಯನ್ನು ಸಂಪರ್ಕಿಸುವುದು ಎರಡನೆಯದು. ಮೇಲಿನ ಉದಾಹರಣೆಯಲ್ಲಿ ಠಾಣೆ ಮತ್ತು ಭಿವಂಡಿಗಳಿಗೆ ಮೊದಲ ಬಗೆಯೂ, ಪುಣೆಯ ಲೆಕ್ಕಪರಿಶೋಧಕರಿಗೆ ಎರಡನೆಯ ಬಗೆಯೂ ಸೂಕ್ತ. ರೂಟರ್ ಏಕಕಾಲದಲ್ಲಿ ಎಷ್ಟು ಸುರಂಗಗಳನ್ನು ನಿಭಾಯಿಸಬಲ್ಲದು ಎಂಬುದನ್ನು ತಯಾರಕರು ನಮೂದಿಸುತ್ತಾರೆ. ಇಂದಿನ ಅಗತ್ಯಕ್ಕೆ ಮುಂದಿನ ಮೂರು ನಾಲ್ಕು ವರ್ಷಗಳ ಬೆಳವಣಿಗೆಯನ್ನೂ ಸೇರಿಸಿ ಆ ಸಂಖ್ಯೆಯನ್ನು ನೋಡಬೇಕು. ಕೆಲವು ತಯಾರಕರು ಬಳಕೆದಾರರ ಸಂಖ್ಯೆಗೆ ತಕ್ಕಂತೆ ಪ್ರತಿವರ್ಷ ಪರವಾನಗಿ ಶುಲ್ಕ ವಿಧಿಸುತ್ತಾರೆ. ಆದ್ದರಿಂದ ಉಪಕರಣದ ಬೆಲೆಯನ್ನಷ್ಟೇ ಅಲ್ಲ, ಐದು ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸಬೇಕು.

ಪೆಟ್ಟಿಗೆಯ ಮೇಲಿನ ವೇಗ ಮತ್ತು ವಾಸ್ತವ ವೇಗ

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿತವಾದ ವೇಗವು ಸಾಮಾನ್ಯವಾಗಿ ಗೂಢಲಿಪೀಕರಣವಿಲ್ಲದ ಸಂಚಾರಕ್ಕೆ ಸಂಬಂಧಿಸಿದ್ದು. ಮಾಹಿತಿಯ ಪ್ರತಿಯೊಂದು ತುಣುಕನ್ನೂ ಗೂಢಲಿಪಿಗೆ ತಿರುಗಿಸುವುದು ರೂಟರಿನ ಒಳಗಿನ ಚಿಪ್ಪಿಗೆ ಹೆಚ್ಚಿನ ಶ್ರಮದ ಕೆಲಸ. ಸೆಕೆಂಡಿಗೆ 1 ಗಿಗಾಬಿಟ್ ಎಂದು ಘೋಷಿಸಿಕೊಂಡ ಅಗ್ಗದ ರೂಟರ್ ವಿಪಿಎನ್ ಮೂಲಕ ಅದರ ಸಣ್ಣದೊಂದು ಭಾಗವನ್ನಷ್ಟೇ ಸಾಗಿಸುವುದುಂಟು. ಆದುದರಿಂದ ವಿವರಪತ್ರಿಕೆಯಲ್ಲಿ ‘ವಿಪಿಎನ್ ಥ್ರೂಪುಟ್’ ಎಂದು ಪ್ರತ್ಯೇಕವಾಗಿ ನೀಡಿರುವ ಅಂಕಿಯನ್ನೇ ಗಮನಿಸಬೇಕು. ಅದೂ ಸಹ ಪ್ರಯೋಗಾಲಯದ ಅನುಕೂಲ ಸ್ಥಿತಿಯಲ್ಲಿ ಅಳೆದುದಾದ್ದರಿಂದ, ಅಗತ್ಯದ ಎರಡರಷ್ಟು ಸಾಮರ್ಥ್ಯವಿರುವ ಮಾದರಿಯನ್ನು ಆಯ್ದುಕೊಳ್ಳುವುದು ಕ್ಷೇಮಕರ.

ಇನ್ನೊಂದು ಅಂಶವೂ ಮುಖ್ಯ. ಶಾಖೆಯವರು ಇಳಿಸಿಕೊಳ್ಳುವ ಮಾಹಿತಿಯನ್ನು ಪ್ರಧಾನ ಕಚೇರಿಯು ಏರಿಸಿ ಕಳುಹಿಸಬೇಕಾಗುತ್ತದೆ. ಹೀಗಾಗಿ ಪ್ರಧಾನ ಕಚೇರಿಯ ಅಂತರ್ಜಾಲ ಸಂಪರ್ಕದ ಅಪ್‌ಲೋಡ್ ವೇಗವೇ ಇಡೀ ವ್ಯವಸ್ಥೆಯ ಮಿತಿ. ಈ ವೇಗವು ಸೆಕೆಂಡಿಗೆ 20 ಮೆಗಾಬಿಟ್ ಇದ್ದಲ್ಲಿ, 10 ಗಿಗಾಬೈಟ್ ಗಾತ್ರದ ಕಡತಗಳನ್ನು ಕಳುಹಿಸಲು ಕನಿಷ್ಠ 1 ಗಂಟೆ 7 ನಿಮಿಷ ಬೇಕು. ಒಂದೊಂದು ಕಾವಲು ಕ್ಯಾಮೆರಾಗೆ 4 ಮೆಗಾಬಿಟ್ ಎಂದಿಟ್ಟುಕೊಂಡರೆ, 8 ಕ್ಯಾಮೆರಾಗಳ ದೃಶ್ಯವನ್ನು ದೂರದಿಂದ ಏಕಕಾಲಕ್ಕೆ ನೋಡಲು 32 ಮೆಗಾಬಿಟ್ ಬೇಕಾಗಿ, ಆ ಸಂಪರ್ಕವು ಸಾಲದೇ ಹೋಗುತ್ತದೆ. ಇಂತಹ ಸ್ಥಿತಿಯಲ್ಲಿ ದುಬಾರಿ ರೂಟರ್ ಕೊಂಡರೂ ಪ್ರಯೋಜನವಾಗದು.

ಯಾವ ವಿಧಾನ ಸೂಕ್ತ?

ಸುರಂಗವನ್ನು ನಿರ್ಮಿಸುವ ವಿಧಾನಗಳು ಹಲವು ಇವೆ. ಎಲ್ಲವೂ ಸಮಾನವಾಗಿ ಸುರಕ್ಷಿತವಲ್ಲ.

ಪಿಪಿಟಿಪಿ ಎಂಬುದು 1990ರ ದಶಕದ ವಿಧಾನ. ಅದರ ಗುಪ್ತಪದ ಪರಿಶೀಲನಾ ಕ್ರಮವನ್ನು ಒಂದು ದಿನದೊಳಗೆ ಭೇದಿಸಬಹುದೆಂದು 2012ರಲ್ಲಿ ಸಂಶೋಧಕರು ಬಹಿರಂಗವಾಗಿ ತೋರಿಸಿಕೊಟ್ಟರು. 2016ರಲ್ಲಿ ಆಪಲ್ ಸಂಸ್ಥೆಯು ತನ್ನ ಫೋನು ಮತ್ತು ಕಂಪ್ಯೂಟರುಗಳಿಂದ ಅದನ್ನು ಕೈಬಿಟ್ಟಿತು. ಇದೊಂದನ್ನೇ ನೀಡುವ ರೂಟರನ್ನು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬಾರದು.

ಐಪಿಸೆಕ್ ಎಂಬುದು ಬೇರೆ ಬೇರೆ ತಯಾರಕರ ಉಪಕರಣಗಳ ನಡುವೆಯೂ ಹೊಂದಿಕೆಯಾಗುವ ಅಂತರರಾಷ್ಟ್ರೀಯ ಮಾನಕ. ಅದರೊಂದಿಗೆ ಐಕೆಇ ಎರಡನೆಯ ಆವೃತ್ತಿಯ ಸೌಲಭ್ಯವಿರಬೇಕು. ಶಾಖೆಗಳ ಕಾಯಂ ಸಂಪರ್ಕಕ್ಕೆ ಇದು ಯೋಗ್ಯ. 2001ರಲ್ಲಿ ಆರಂಭವಾದ ಓಪನ್‌ವಿಪಿಎನ್ ದೀರ್ಘಕಾಲದ ಪರಿಶೀಲನೆಗೆ ಒಳಪಟ್ಟಿದೆ. ಆದರೆ ಸಣ್ಣ ರೂಟರುಗಳಲ್ಲಿ ಅದರ ವೇಗ ಕಡಿಮೆ. 2020ರ ಮಾರ್ಚ್‌ನಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನಲ್ಲಿ ಸೇರ್ಪಡೆಯಾದ ವೈರ್‌ಗಾರ್ಡ್ ಸರಳವೂ ವೇಗವುಳ್ಳದ್ದೂ ಆಗಿದೆ. ಬ್ರೌಸರ್ ಮೂಲಕ ಪ್ರವೇಶ ನೀಡುವ ಎಸ್‌ಎಸ್‌ಎಲ್ ವಿಪಿಎನ್ ಅನುಕೂಲಕರವಾದರೂ, ಅದರ ದೋಷಗಳ ಮೂಲಕ ಪದೇ ಪದೇ ದಾಳಿಗಳು ನಡೆದ ಕಾರಣ, ಅದನ್ನು ಬಿಟ್ಟು ಐಪಿಸೆಕ್ ವಿಧಾನಕ್ಕೆ ಬದಲಾಗುವಂತೆ ನಾರ್ವೆ ದೇಶದ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರವು 2024ರ ಮೇ ತಿಂಗಳಿನಲ್ಲಿ ಸಲಹೆ ನೀಡಿತು.

ವಿಳಾಸದ ಪ್ರಶ್ನೆ

ಮಾಟುಂಗಾ ಕಚೇರಿಯನ್ನು ಠಾಣೆಯ ರೂಟರ್ ಹುಡುಕಬೇಕಾದರೆ ಅಂತರ್ಜಾಲದಲ್ಲಿ ಅದಕ್ಕೊಂದು ಸಾರ್ವಜನಿಕ ವಿಳಾಸ ಇರಬೇಕು. ವಿಳಾಸಗಳ ಅಭಾವದಿಂದಾಗಿ ಅನೇಕ ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತಾರೆ. ರೂಟರಿಗೆ ದೊರೆತಿರುವ ವಿಳಾಸವು 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾಗಿದ್ದರೆ, ಸಂಪರ್ಕವು ಇಂತಹ ಹಂಚಿಕೆಯದೆಂದು ತಿಳಿಯಬೇಕು. ಹೊರಗಿನಿಂದ ಬರುವ ಕರೆಯನ್ನು ಇಂತಹ ರೂಟರ್ ಸ್ವೀಕರಿಸಲಾರದು. ಆದ್ದರಿಂದ ಪ್ರಧಾನ ಕಚೇರಿಗೆ ಸ್ಥಿರವಾದ ಸಾರ್ವಜನಿಕ ವಿಳಾಸ ಪಡೆಯಬೇಕು. ಇದಕ್ಕೆ ಸೇವಾದಾರರು ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕ ವಿಧಿಸುತ್ತಾರೆ. ಶಾಖೆಗಳಿಗೆ ಇದು ಅನಿವಾರ್ಯವಲ್ಲ. ಸುರಂಗವನ್ನು ಆರಂಭಿಸುವ ಕೆಲಸವನ್ನು ಶಾಖೆಯ ರೂಟರಿಗೆ ವಹಿಸಿದರೆ ಸಾಕು.

ಕಚೇರಿಗಳ ಒಳಗಿನ ವಿಳಾಸಗಳೂ ಬೇರೆ ಬೇರೆಯಾಗಿರಬೇಕು. ಹೆಚ್ಚಿನ ರೂಟರುಗಳು ಕಾರ್ಖಾನೆಯಿಂದಲೇ 192.168.1 ಅಥವಾ 192.168.0 ಎಂಬ ಶ್ರೇಣಿಯನ್ನು ಹೊತ್ತು ಬರುತ್ತವೆ. ಎರಡು ಶಾಖೆಗಳಲ್ಲಿ ಒಂದೇ ಶ್ರೇಣಿ ಇದ್ದರೆ, ಒಂದೇ ಊರಿನಲ್ಲಿ ಒಂದೇ ಹೆಸರಿನ ಎರಡು ಬೀದಿಗಳಿದ್ದಂತೆ, ಮಾಹಿತಿ ಎತ್ತ ಹೋಗಬೇಕೆಂಬುದು ತಿಳಿಯದಾಗುತ್ತದೆ. ಮಾಟುಂಗಾಕ್ಕೆ 192.168.10, ಠಾಣೆಗೆ 192.168.20, ಭಿವಂಡಿಗೆ 192.168.30 ಎಂದು ಮೊದಲೇ ನಿಗದಿಪಡಿಸಿದರೆ ಈ ತೊಡಕು ಉದ್ಭವಿಸದು.

ತಯಾರಕರ ಬೆಂಬಲ

ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಮಹತ್ವ ಸಲ್ಲಬೇಕಾದುದು ಈ ಅಂಶಕ್ಕೆ. ರೂಟರ್ ಸಹ ಒಂದು ಕಂಪ್ಯೂಟರೇ. ಅದರ ಒಳಗಿನ ತಂತ್ರಾಂಶದಲ್ಲೂ ದೋಷಗಳು ಕಂಡುಬರುತ್ತವೆ. 2018ರ ಮೇ ತಿಂಗಳಿನಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶವು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಉಪಕರಣಗಳನ್ನು ಆಕ್ರಮಿಸಿತ್ತು. ಅವುಗಳಲ್ಲಿ ಹೆಚ್ಚಿನವು ಮನೆ ಮತ್ತು ಸಣ್ಣ ಕಚೇರಿಗಳ ರೂಟರುಗಳು. ದೋಷ ಕಂಡುಬಂದಾಗ ತಯಾರಕರು ಪರಿಷ್ಕೃತ ತಂತ್ರಾಂಶವನ್ನು ಬಿಡುಗಡೆ ಮಾಡುತ್ತಾರೆ. ಆದರೆ ಮಾದರಿಯು ಹಳತಾದ ನಂತರ ಈ ಸೇವೆ ನಿಲ್ಲುತ್ತದೆ. ಆಮೇಲೆ ಆ ರೂಟರ್ ದೀಪ ಬೆಳಗುತ್ತಾ ಕೆಲಸ ಮಾಡುತ್ತಲೇ ಇರುತ್ತದೆ; ಬೀಗ ಕೆಟ್ಟಿರುವುದು ಮಾತ್ರ ಮಾಲೀಕರಿಗೆ ತಿಳಿಯುವುದಿಲ್ಲ. ಆದುದರಿಂದ ಭದ್ರತಾ ಪರಿಷ್ಕರಣೆಗಳು ಯಾವ ವರ್ಷದವರೆಗೆ ದೊರೆಯುವುವು ಎಂಬುದನ್ನು ಕೊಳ್ಳುವ ಮುನ್ನವೇ ಲಿಖಿತವಾಗಿ ಪಡೆಯುವುದು ಉತ್ತಮ. ರಿಯಾಯಿತಿ ದರದ ಹಳೆಯ ಮಾದರಿಯು ಈ ದೃಷ್ಟಿಯಿಂದ ದುಬಾರಿಯಾಗಬಹುದು. ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರದ ಕಡ್ಡಾಯ ಪರೀಕ್ಷೆ ಮತ್ತು ಪ್ರಮಾಣೀಕರಣದ ವಿವರವನ್ನೂ ಮಾರಾಟಗಾರರಲ್ಲಿ ವಿಚಾರಿಸಬೇಕು.

ಅಳವಡಿಸಿದ ನಂತರ ವಹಿಸಬೇಕಾದ ಎಚ್ಚರ

ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ರೂಟರಿನ ನಿರ್ವಹಣಾ ಪುಟವು ಹೊರಗಿನ ಅಂತರ್ಜಾಲಕ್ಕೆ ಕಾಣದಂತೆ ಮಾಡಬೇಕು. ಪ್ರತಿಯೊಬ್ಬ ಬಳಕೆದಾರರಿಗೂ ಪ್ರತ್ಯೇಕ ಖಾತೆ ಇದ್ದು, ಗುಪ್ತಪದದ ಜೊತೆಗೆ ಫೋನಿನ ಸಂಕೇತದಂತಹ ಎರಡನೆಯ ಪರಿಶೀಲನೆಯೂ ಇರಬೇಕು. ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ರದ್ದುಪಡಿಸಬೇಕು. ಲೆಕ್ಕಪರಿಶೋಧಕರಿಗೆ ಲೆಕ್ಕಪತ್ರದ ಕಂಪ್ಯೂಟರ್ ಮಾತ್ರ ಕಾಣಬೇಕೇ ಹೊರತು ಇಡೀ ಜಾಲವಲ್ಲ. ಗ್ರಾಹಕರಿಗೆ ನೀಡುವ ವೈಫೈ ಸಂಪರ್ಕವು ಕಚೇರಿಯ ಜಾಲದಿಂದ ಬೇರೆಯಾಗಿರಬೇಕು.

ವಿಪಿಎನ್ ದಾರಿಯನ್ನು ಕಾಯುತ್ತದೆಯೇ ವಿನಾ ತುದಿಯನ್ನಲ್ಲ. ಸೋಂಕು ತಗಲಿದ ಕಂಪ್ಯೂಟರೊಂದು ಸುರಂಗದ ಮೂಲಕವೇ ಸೋಂಕನ್ನು ಕಚೇರಿಗೆ ತರಬಲ್ಲದು. ಆದ್ದರಿಂದ ಲೆಕ್ಕಪತ್ರಗಳ ಪ್ರತಿಯೊಂದನ್ನು ಜಾಲದಿಂದ ಬೇರ್ಪಡಿಸಿದ ಡಿಸ್ಕಿನಲ್ಲಿ ಇಡುವ ಅಭ್ಯಾಸವನ್ನು ಬಿಡಬಾರದು.

ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಅವು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಜಾಲದ ಚಟುವಟಿಕೆಯ ದಾಖಲೆಗಳನ್ನು 180 ದಿನ ಕಾಪಾಡಬೇಕು. ಸಣ್ಣ ರೂಟರಿನ ಸ್ಮರಣೆಯಲ್ಲಿ ಇಷ್ಟು ದಿನಗಳ ದಾಖಲೆ ಹಿಡಿಸುವುದಿಲ್ಲವಾದ್ದರಿಂದ, ದಾಖಲೆಗಳನ್ನು ಬೇರೊಂದು ಕಂಪ್ಯೂಟರಿಗೆ ಕಳುಹಿಸುವ ‘ಸಿಸ್‌ಲಾಗ್’ ಸೌಲಭ್ಯವಿರುವ ಮಾದರಿಯನ್ನೇ ಆರಿಸಬೇಕು. ಹಣದ ವಂಚನೆ ನಡೆದಲ್ಲಿ 1930 ಸಂಖ್ಯೆಯ ಸಹಾಯವಾಣಿಗೆ ತಡಮಾಡದೆ ದೂರು ನೀಡಬಹುದು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಭದ್ರತಾ ಪರಿಷ್ಕರಣೆಗಳು ಯಾವ ವರ್ಷದವರೆಗೆ ಲಭ್ಯ?
2. ಐಪಿಸೆಕ್ ಅಥವಾ ವೈರ್‌ಗಾರ್ಡ್ ಸೌಲಭ್ಯ ಇದೆಯೇ?
3. ಗೂಢಲಿಪೀಕರಣದೊಂದಿಗೆ ನಿಜವಾದ ವೇಗ ಎಷ್ಟು?
4. ಏಕಕಾಲಕ್ಕೆ ಎಷ್ಟು ಸುರಂಗಗಳು ಸಾಧ್ಯ? ವಾರ್ಷಿಕ ಶುಲ್ಕ ಇದೆಯೇ?
5. ಒಂದು ಅಂತರ್ಜಾಲ ಸಂಪರ್ಕ ಕಡಿದುಹೋದರೆ ಎರಡನೆಯದಕ್ಕೆ ತಾನಾಗಿ ಬದಲಾಗುವುದೇ?
6. ದಾಖಲೆಗಳನ್ನು ಹೊರಗೆ ಕಳುಹಿಸಬಹುದೇ?
7. ಕೆಟ್ಟರೆ ಬದಲಿ ಉಪಕರಣ ಎಷ್ಟು ದಿನಗಳಲ್ಲಿ ಸಿಗುತ್ತದೆ?

ಈ ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರ ನೀಡಲಾರದ ಮಾರಾಟಗಾರರಿಂದ ಉಪಕರಣವನ್ನು ಕೊಳ್ಳದಿರುವುದೇ ಲೇಸು. ಅಂಗಡಿಯ ಬಾಗಿಲಿಗೆ ಬೀಗ ಆರಿಸುವಾಗ ವಹಿಸುವ ಎಚ್ಚರವನ್ನೇ ಇಲ್ಲಿಯೂ ವಹಿಸಿದಲ್ಲಿ, ಶಾಖೆಗಳು ಎಷ್ಟೇ ದೂರದಲ್ಲಿದ್ದರೂ ವ್ಯಾಪಾರದ ಲೆಕ್ಕ ವ್ಯಾಪಾರಿಯ ಕೈಯಲ್ಲೇ ಉಳಿಯುತ್ತದೆ.