ಕೋಳಿಯನ್ನು ಕೇಳಿಯೇ ಮರಿ ತನ್ನಿ

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲಿ ಹಳೆಯದು. ಅಡುಗೆಮನೆಯ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಹಿತ್ತಲಿನ ಮಟ್ಟಿಗೆ ಆ ಗಾದೆಯನ್ನು ನಂಬಿದವರು ನಷ್ಟಕ್ಕೆ ಗುರಿಯಾಗುತ್ತಾರೆ. ಐದಾರು ಕೋಳಿಗಳಿರುವ ಮನೆಗೆ ಹೊಸ ಮರಿಗಳನ್ನು ತರುವಾಗ ಹಳೆಯ ಕೋಳಿಗಳ ಒಪ್ಪಿಗೆಯನ್ನು ಕೇಳಲೇಬೇಕು. ಕೇಳುವ ರೀತಿ ಮಾತ್ರ ಬೇರೆ.

ಈ ಮಾತನ್ನು ನಾವು ಕಲಿತದ್ದು ನಷ್ಟದಿಂದಲೇ. ಎರಡು ವರ್ಷಗಳ ಹಿಂದೆ, ಮುಂಗಾರು ಹಿಡಿದ ಹೊಸದರಲ್ಲಿ, ಬೈಕಿನ ಹಿಂದೆ ಜಾಲರಿಯ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುವವರಿಂದ ಎಂಟು ಮರಿಗಳನ್ನು ಕೊಂಡೆವು. ಒಂದೂವರೆ ತಿಂಗಳ ಮರಿಗಳು, ಗರಿ ತುಂಬಿ ಚೆಂದವಾಗಿದ್ದವು. ಅವು ಮೊಟ್ಟೆಗೆ ಬಂದಾಗ ಆ ಹಣದಲ್ಲಿ ನೋಟುಪುಸ್ತಕ ಕೊಳ್ಳಬಹುದೆಂದು ಮಗಳು ಅಂದೇ ಲೆಕ್ಕ ಹಾಕಿದ್ದಳು. ಸಾಯಂಕಾಲ ತಂದವನ್ನು ಮರುದಿನ ಬೆಳಿಗ್ಗೆ ಮನೆಯ ಜವಾರಿ ಕೋಳಿಗಳ ನಡುವೆ ಬಿಟ್ಟುಬಿಟ್ಟೆವು. ನಾಲ್ಕನೆಯ ದಿನಕ್ಕೆ ಉಳಿದದ್ದು ಮೂರು. ಒಂದರ ನೆತ್ತಿ ಕುಕ್ಕಿಸಿಕೊಂಡು ರಕ್ತಮಯವಾಗಿತ್ತು. ಎರಡು ಕಾಳಿನ ಹತ್ತಿರ ಸುಳಿಯಲಾರದೆ ಗೋಡೆಯ ಸಂದಿಯಲ್ಲಿ ಸೊರಗಿ ಸತ್ತವು. ಇನ್ನೆರಡು ಹಿಂಡನ್ನು ಬಿಟ್ಟು ದೂರ ಓಡಿ ಬೆಕ್ಕಿನ ಪಾಲಾದವು. ನೋಡಿದವರೆಲ್ಲ ರೋಗ ಬಂದಿದೆ ಎಂದರು. ರೋಗ ಬಂದಿರಲಿಲ್ಲ, ತಪ್ಪು ನಮ್ಮದಾಗಿತ್ತು.

ತಾಯಿಯನ್ನು ಕಾಣದ ಮರಿಗಳು

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸುತ್ತಿನ ಹಳ್ಳಿಗಳಲ್ಲಿ ಹಿತ್ತಲಿನ ಕೋಳಿ ಎಂದರೆ ಬಹುಮಟ್ಟಿಗೆ ಹೆಂಗಸರ ಮತ್ತು ಮಕ್ಕಳ ಆಸ್ತಿ. ಹೊಲದ ಲೆಕ್ಕ, ಮಗ್ಗದ ಲೆಕ್ಕ ಯಾರ ಕೈಯಲ್ಲಿದ್ದರೂ ಮೊಟ್ಟೆಯ ಲೆಕ್ಕ ಅವ್ವನ ಸೆರಗಿನ ಗಂಟಿನಲ್ಲಿರುತ್ತದೆ. ಹಿಂದಿನವರಿಗೆ ಹೊಸ ಮರಿಗಳನ್ನು ಹಿಂಡಿಗೆ ಸೇರಿಸುವ ಚಿಂತೆಯೇ ಇರಲಿಲ್ಲ. ಜವಾರಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಕಾವಿಗೆ ಕುಳಿತು, 21 ದಿನಗಳಲ್ಲಿ ಮರಿ ಮಾಡಿ, ತಾನೇ ಅವುಗಳನ್ನು ಅಂಗಳಕ್ಕೆ ಕರೆತರುತ್ತಿತ್ತು. ಉಳಿದ ಕೋಳಿಗಳು ಮರಿಗಳ ಹತ್ತಿರ ಬಂದರೆ ರೆಕ್ಕೆ ಕೆದರಿ ಅಟ್ಟುತ್ತಿತ್ತು.

ಈಗ ಕಾಲ ಬದಲಾಗಿದೆ. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕುಕ್ಕುಟ ಸಂಶೋಧನಾ ನಿರ್ದೇಶನಾಲಯವು ಅಭಿವೃದ್ಧಿಪಡಿಸಿದ ವನರಾಜ, ಗ್ರಾಮಪ್ರಿಯ, ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ ಮುಂತಾದ ತಳಿಗಳು ನಮ್ಮ ಹಿತ್ತಲುಗಳಿಗೂ ಬಂದಿವೆ. ಜವಾರಿ ಕೋಳಿಗಿಂತ ಇವು ಬೇಗ ಬೆಳೆಯುತ್ತವೆ, ಹೆಚ್ಚು ಮೊಟ್ಟೆ ಇಡುತ್ತವೆ. ಆದರೆ ಕಾವಿಗೆ ಕೂರುವ ಗುಣ ಇವುಗಳಲ್ಲಿ ಬಹಳ ಕಡಿಮೆ. ಆದ್ದರಿಂದ ಮರಿಗಳನ್ನು ಯಂತ್ರದ ಕಾವಿನಲ್ಲಿ ಮಾಡಿಸಿ, ಗರಿ ಬರುವ ತನಕ ಬೇರೆಡೆ ಸಾಕಿ, ಐದಾರು ವಾರಗಳಾದ ಮೇಲೆ ಮನೆಗಳಿಗೆ ಕೊಡುತ್ತಾರೆ. ಅಂದರೆ ಆ ಮರಿ ತಾಯಿಯನ್ನೇ ಕಂಡಿರುವುದಿಲ್ಲ. ದೊಡ್ಡ ಕೋಳಿ ತಲೆ ಎತ್ತಿ ನೋಡಿದರೆ ದಾರಿ ಬಿಡಬೇಕೆಂಬ ಪಾಠವನ್ನು ಅದಕ್ಕೆ ಯಾರೂ ಕಲಿಸಿರುವುದಿಲ್ಲ.

ಹಿಂಡಿನೊಳಗಿನ ಪಂಕ್ತಿ

ಕೋಳಿಗಳಲ್ಲಿ ಕಟ್ಟುನಿಟ್ಟಾದ ಪಂಕ್ತಿಯೊಂದಿದೆ ಎಂಬುದನ್ನು ಜಗತ್ತಿಗೆ ತಿಳಿಸಿದವನು ನಾರ್ವೆ ದೇಶದ ಥೋರ್ಲೀಫ್ ಷೆಲ್ಡೆರುಪ್-ಎಬ್ಬೆ. 1894ರಲ್ಲಿ ಹುಟ್ಟಿದ ಈತ ಬಾಲ್ಯದಿಂದಲೇ ಕೋಳಿಗಳನ್ನು ನೋಡುತ್ತ, ಯಾವುದು ಯಾವುದನ್ನು ಕುಕ್ಕುತ್ತದೆ ಎಂಬುದನ್ನು ತನ್ನ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಬೆಳೆದ ಮೇಲೆ ಅದನ್ನೇ ಶಾಸ್ತ್ರೀಯವಾಗಿ ಅಧ್ಯಯನ ಮಾಡಿ 1921ರಲ್ಲಿ ಪ್ರಬಂಧವಾಗಿ ಮಂಡಿಸಿದ. ಇಂದು ಪ್ರಾಣಿಶಾಸ್ತ್ರದಲ್ಲಿ ‘ಕುಕ್ಕುವ ಕ್ರಮ’ ಎಂದು ಪ್ರಸಿದ್ಧವಾಗಿರುವ ವಿಚಾರ ಹುಟ್ಟಿದ್ದು ಹೀಗೆ.

ಆತ ಕಂಡದ್ದು ಇಷ್ಟು. ಹಿಂಡಿನ ಮೊದಲನೆಯ ಕೋಳಿ ಉಳಿದೆಲ್ಲವನ್ನೂ ಕುಕ್ಕಬಲ್ಲದು. ಎರಡನೆಯದು ಮೊದಲನೆಯದನ್ನು ಬಿಟ್ಟು ಮಿಕ್ಕವನ್ನು. ಕಟ್ಟಕಡೆಯದು ಯಾರನ್ನೂ ಕುಕ್ಕದೆ ಎಲ್ಲರಿಂದ ಕುಕ್ಕಿಸಿಕೊಳ್ಳುತ್ತದೆ. ಕೆಲವೊಮ್ಮೆ ಈ ಸಾಲು ವೃತ್ತವಾಗುವುದೂ ಉಂಟು: ಕರಿಕೋಳಿ ಕೆಂಪುಕೋಳಿಯನ್ನು ಅಂಜಿಸುತ್ತದೆ, ಕೆಂಪು ಬಿಳಿಯದನ್ನು, ಆದರೆ ಬಿಳಿಯದು ಕರಿಕೋಳಿಯನ್ನೇ ಅಂಜಿಸುತ್ತದೆ. ಕೋಳಿಗಳು ಒಂದನ್ನೊಂದು ಗುರುತಿಟ್ಟು ನೆನಪಿಡುವುದರಿಂದಲೇ ಇದು ಸಾಧ್ಯ. ಪಂಕ್ತಿ ಒಮ್ಮೆ ಗಟ್ಟಿಯಾದರೆ ಜಗಳ ಕಡಿಮೆಯಾಗುತ್ತದೆ. ಒಂದು ನೋಟ, ಒಂದು ಹುಸಿಕುಕ್ಕು ಸಾಕು. ಹೊಸದೊಂದು ಮರಿ ಬಂತೆಂದರೆ ಪಂಕ್ತಿ ಕದಡುತ್ತದೆ. ಆಗ ಬೀಳುವ ಪೆಟ್ಟನ್ನು ನಾವು ಕ್ರೌರ್ಯವೆನ್ನುತ್ತೇವೆ. ಕೋಳಿಯ ದೃಷ್ಟಿಯಲ್ಲಿ ಅದು ಸ್ಥಾನ ನಿರ್ಣಯ.

ಸ್ಥಾನದ ಮಾತು ಹೀಗಾದರೆ ಸ್ವಭಾವದ ಮಾತು ಬೇರೆ. ಎಲ್ಲ ಹಿತ್ತಲಿನಲ್ಲಿಯೂ ಕಾಳಿನ ಡಬ್ಬಿಯ ಸದ್ದಿಗೆ ಹೊಸ್ತಿಲು ದಾಟಿ ಒಳಗೇ ಬರುವ ಧೈರ್ಯದ ಕೋಳಿ ಒಂದಿರುತ್ತದೆ. ನೆರಳು ಸರಿದರೂ ಕಿರುಚಿ ಹಿಂಡಿಗೆಲ್ಲ ಎಚ್ಚರಿಕೆ ಕೊಡುವ ಅಂಜುಬುರುಕಿ ಇನ್ನೊಂದು. ತಾನು ತಿಪ್ಪೆ ಕೆದಕದೆ, ಕೆದಕುವವರ ಬೆನ್ನಿಗೆ ನಿಂತು ಹುಳ ಕದಿಯುವುದು ಮತ್ತೊಂದು. ಮೊಟ್ಟೆ ತೆಗೆದರೂ ಬರಿಗೂಡಿನ ಮೇಲೆ ಕಾವಿಗೆ ಕೂರುವ ಹಟದ ಹೇಂಟೆಯೂ ಇರುತ್ತದೆ. ಹುಂಜಗಳಲ್ಲಿಯೂ ಭೇದವುಂಟು: ಕಾಳು ಕಂಡರೆ ತಾನು ತಿನ್ನದೆ ಕೊಕ್ಕಿನಲ್ಲಿ ಎತ್ತಿ ಇಟ್ಟು, ‘ಟುಕ್ ಟುಕ್’ ಎಂದು ಹೇಂಟೆಗಳನ್ನು ಕರೆಯುವ ಹುಂಜ, ಜಗಳದ ನಡುವೆ ಬಂದು ನಿಲ್ಲುವುದೂ ಉಂಟು. ಹೊಸ ಮರಿಗಳನ್ನು ತರುವ ಮುನ್ನ ಈ ಸ್ವಭಾವಗಳನ್ನು ಅರಿಯಬೇಕು. ಕೋಳಿಯನ್ನು ಕೇಳುವುದೆಂದರೆ ಇದೇ.

ಯಂತ್ರದ ಮರಿಗೆ ಜವಾರಿ ತಾಯಿ

ಮರಿಗಳನ್ನು ಸೇರಿಸಲು ಎರಡು ದಾರಿಗಳಿವೆ. ಮೊದಲನೆಯದು ತಾಯಿಯ ಮೂಲಕ. ಕಾವಿಗೆ ಕುಳಿತ ಜವಾರಿ ಹೇಂಟೆ ಮನೆಯಲ್ಲಿದ್ದರೆ ಅದಕ್ಕಿಂತ ಭಾಗ್ಯವಿಲ್ಲ. ಅದು ಮೂರು ವಾರ ತುಂಬುವ ಹೊತ್ತಿಗೆ ಒಂದೆರಡು ದಿನದ ಮರಿಗಳನ್ನು ತಂದು, ರಾತ್ರಿ ದೀಪವಾರಿಸಿ, ಸದ್ದಿಲ್ಲದೆ ಒಂದೊಂದಾಗಿ ರೆಕ್ಕೆಯ ಅಡಿಗೆ ಸರಿಸಬೇಕು. ಅಷ್ಟೇ ಸದ್ದಿಲ್ಲದೆ ಮೊಟ್ಟೆಗಳನ್ನು ತೆಗೆಯಬೇಕು. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಕಡಿಮೆ. ಎದೆಯಡಿಯ ಬಿಸುಪು, ಮರಿಗಳ ‘ಚಿಯ್ ಚಿಯ್’ ಸದ್ದು ಇವೆರಡೇ ಅದಕ್ಕೆ ಸಾಕ್ಷಿ. ಬೆಳಗಾಗುವುದರೊಳಗೆ ಬಹುತೇಕ ಹೇಂಟೆಗಳು ಅವನ್ನು ತಮ್ಮವೆಂದೇ ಒಪ್ಪುತ್ತವೆ. ಆದರೂ ಮುಂಜಾನೆ ಹತ್ತಿರವೇ ನಿಂತು ನೋಡಬೇಕು. ಕುಕ್ಕಿ ದೂಡುತ್ತಿದ್ದರೆ ಮರಿಗಳನ್ನು ತೆಗೆದು ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೇರೆಯಾಗಿ ಸಾಕಬೇಕು. ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು; ಮುಂದೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬಹುದು.

ತಾಯಿಕೋಳಿ ಬಿಸಿಯನ್ನಷ್ಟೇ ಕೊಡುವುದಿಲ್ಲ, ವಿದ್ಯೆಯನ್ನೂ ಕೊಡುತ್ತದೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1996ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ತಿನ್ನಬಾರದ್ದೆಂದು ತಾನು ಅರಿತ ಆಹಾರವನ್ನು ಮರಿಗಳು ತಿನ್ನುವಂತೆ ಕಂಡಾಗ ತಾಯಿಕೋಳಿ ಒಳ್ಳೆಯ ಆಹಾರದ ಕಡೆಗೆ ಕುಕ್ಕಿ ಕುಕ್ಕಿ ತೋರಿಸುವುದನ್ನು ಹೆಚ್ಚಿಸಿತು. ಅದೇ ವಿಶ್ವವಿದ್ಯಾಲಯದ 2011ರ ಇನ್ನೊಂದು ಅಧ್ಯಯನದಲ್ಲಿ, ಮರಿಗಳ ಮೇಲೆ ಮೆಲ್ಲಗೆ ಗಾಳಿ ಊದಿದಾಗ ನೋಡುತ್ತಿದ್ದ ತಾಯಿಯ ಹೃದಯದ ಬಡಿತವೇ ಏರಿತು. ನಮ್ಮ ಹಿರಿಯರು ಹೇಂಟೆ ತುಳಿದರೆ ಮರಿ ಸಾಯದು ಎಂದದ್ದು ಇಂಥ ಕಕ್ಕುಲಾತಿಯನ್ನು ಕಂಡೇ ಇರಬೇಕು.

ಬೆಳೆದ ಮರಿಗಳನ್ನು ಬಿಡುವ ಬಗೆ

ಎರಡನೆಯ ದಾರಿ ತಾಯಿಯಿಲ್ಲದ, ಒಂದೂವರೆ ಎರಡು ತಿಂಗಳ ಮರಿಗಳದು. ಇಲ್ಲಿ ಮೊದಲು ಬೇಕಾದದ್ದು ದೂರ. ಹೊರಗಿನಿಂದ ತಂದ ಮರಿಗಳನ್ನು ಕನಿಷ್ಠ ಎರಡು ವಾರ, ಸಾಧ್ಯವಾದರೆ ಒಂದು ತಿಂಗಳು, ಹಳೆಯ ಕೋಳಿಗಳಿಂದ ಪೂರ್ತಿ ಬೇರೆಯಾಗಿಡಬೇಕು. ನೀರಿನ ಪಾತ್ರೆಯೂ ಬೇರೆಯಿರಲಿ. ನೋಡಲು ಆರೋಗ್ಯವಾಗಿರುವ ಮರಿಯೂ ಒಳಗೆ ರೋಗ ಹೊತ್ತು ತಂದಿರಬಹುದು. ಉತ್ತರಾಖಂಡದ ಊರೊಂದರ ಹೆಸರಿನಿಂದ ಕರೆಯುವ ರಾಣಿಖೇತ್ ರೋಗ ಹೊಕ್ಕರೆ ಇಡೀ ಓಣಿಯ ಕೋಳಿಗಳು ಕೆಲವೇ ದಿನಗಳಲ್ಲಿ ಬರಿದಾಗುತ್ತವೆ: ಹಸಿರು ಬೇಧಿ, ಬಾಯಿ ತೆರೆದು ಉಸಿರಾಟ, ತಿರುಚಿದ ಕತ್ತು ಅದರ ಲಕ್ಷಣಗಳು. ಅದಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ ಇದೆ. ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, ಮುಂದೆ ಸುಮಾರು ಎರಡು ತಿಂಗಳಿಗೆ ಚುಚ್ಚುಮದ್ದು. ಮರಿ ಕೊಳ್ಳುವಾಗ ಯಾವ ಲಸಿಕೆ ಆಗಿದೆ, ಯಾವುದು ಆಗಬೇಕು ಎಂದು ಕೇಳಿಕೊಂಡು, ಉಳಿದುದನ್ನು ಪಶು ವೈದ್ಯರಲ್ಲಿ ವಿಚಾರಿಸಬೇಕು.

ಆ ಬಳಿಕ ನೋಟದ ಪರಿಚಯ. ಮರಿಗಳನ್ನು ಜಾಲರಿಯ ಒಳಗೆ, ಇಲ್ಲವೆ ತೆಲುಗಿನವರು ಗಂಪ ಎನ್ನುವ ದೊಡ್ಡ ಬಿದಿರ ಬುಟ್ಟಿಯ ಅಡಿಯಲ್ಲಿ, ಅಂಗಳದ ನಡುವೆಯೇ ಇಡಬೇಕು. ಹಳೆಯ ಕೋಳಿಗಳು ಸುತ್ತಲೂ ಓಡಾಡಲಿ. ಕಾಣಲಿ, ಕೇಳಲಿ, ಮುಟ್ಟಲಾಗದಿರಲಿ. ಬುಟ್ಟಿಯ ಒಳಗೂ ಹೊರಗೂ ಒಂದೇ ಹೊತ್ತಿಗೆ ನುಚ್ಚು ಹಾಕಿದರೆ ಎರಡು ಗುಂಪುಗಳೂ ಅಕ್ಕಪಕ್ಕದಲ್ಲಿ ತಿನ್ನುವುದನ್ನು ರೂಢಿಸಿಕೊಳ್ಳುತ್ತವೆ. ವಾರ ಹತ್ತು ದಿನಗಳಲ್ಲಿ ಹಳೆಯ ಕೋಳಿಗಳ ಕುತೂಹಲ ತಣಿದು, ಅವು ಬುಟ್ಟಿಯ ಕಡೆ ತಿರುಗಿ ನೋಡದಂತಾದಾಗ ಒಪ್ಪಿಗೆ ಸಿಕ್ಕಿತೆಂದು ತಿಳಿಯಬಹುದು.

ಬಿಡುವಾಗ ಒಂದೇ ಮರಿಯನ್ನು ಎಂದೂ ಬಿಡಬಾರದು. ಎರಡು ಮೂರಾದರೂ ಜೊತೆಗಿದ್ದರೆ ಪೆಟ್ಟು ಹಂಚಿಹೋಗುತ್ತದೆ. ಇಕ್ಕಟ್ಟಿನ ಗೂಡಿನಲ್ಲಿ ಬಿಡದೆ ಬಯಲಿನಲ್ಲಿ, ಸಂಜೆ ಗೂಡು ಸೇರುವುದಕ್ಕೆ ಒಂದು ತಾಸು ಮುಂಚೆ ಬಿಡುವುದು ಒಳಿತು. ಜಗಳ ಬೆಳೆಯುವ ಮುನ್ನ ಕತ್ತಲಾಗುತ್ತದೆ. ಕಾಳು ಮತ್ತು ನೀರನ್ನು ಎರಡು ಮೂರು ಕಡೆ ಇಡಬೇಕು. ನಮ್ಮ ಮರಿಗಳು ಹಸಿದು ಸತ್ತದ್ದು ಕಾಳಿಲ್ಲದೆ ಅಲ್ಲ, ಇದ್ದ ಒಂದೇ ತಟ್ಟೆಯನ್ನು ದೊಡ್ಡ ಕೋಳಿಗಳು ಕಾಯುತ್ತಿದ್ದುದರಿಂದ. ಸಣ್ಣವು ಮಾತ್ರ ನುಸುಳಬಲ್ಲ ಒಂದು ಸಂದು, ಒರಗಿಸಿಟ್ಟ ಹಲಗೆಯ ಮರೆ ಇದ್ದರೆ ಓಡಿ ಅಡಗಲು ಅನುಕೂಲ. ಸಣ್ಣಪುಟ್ಟ ಕುಕ್ಕಿಗೆ ನಾವು ನಡುವೆ ಹೋಗಬಾರದು. ಆದರೆ ರಕ್ತ ಕಂಡೊಡನೆ ಆ ಮರಿಯನ್ನು ಬೇರ್ಪಡಿಸಬೇಕು. ಕೆಂಪು ಕಂಡ ಕಡೆಗೆ ಇಡೀ ಹಿಂಡು ಮುಗಿಬೀಳುತ್ತದೆ. ಒಂದೇ ಕೋಳಿ ಹಟ ಹಿಡಿದು ಕಾಡುತ್ತಿದ್ದರೆ ಮರಿಯ ಬದಲು ಆ ಕೋಳಿಯನ್ನೇ ಎರಡು ಮೂರು ದಿನ ಬುಟ್ಟಿಯಡಿ ಹಾಕಿ. ಮರಳಿ ಬಂದಾಗ ಅದರ ಅಬ್ಬರ ಎಷ್ಟೋ ಇಳಿದಿರುತ್ತದೆ. ನಮ್ಮ ಕಡೆಯ ವೈಶಾಖದ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಸೆಕೆಯಲ್ಲಿ ಬಳಲಿದ ಮರಿಗೆ ಓಡುವ ಶಕ್ತಿ ಇರುವುದಿಲ್ಲ.

ಮಕ್ಕಳ ಕೈಗೆ ಒಂದು ಪುಸ್ತಕ

ಪಾಲಕರಲ್ಲಿ ಒಂದು ಬಿನ್ನಹ. ಈ ಹತ್ತು ದಿನಗಳ ಕಾವಲನ್ನು ಮಕ್ಕಳಿಗೆ ಒಪ್ಪಿಸಿ. ಕನ್ನಡ ಶಾಲೆಯ ನೋಟುಪುಸ್ತಕದ ಒಂದು ಹಾಳೆಯಲ್ಲಿ ಕೋಳಿಗಳ ಹೆಸರನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಬರೆಯಲಿ. ಕಾಳು ಹಾಕುವಾಗ ಯಾವುದು ಯಾವುದನ್ನು ಕುಕ್ಕಿತು, ಯಾವುದು ದಾರಿ ಬಿಟ್ಟಿತು ಎಂದು ಚೌಕದಲ್ಲಿ ಗೀಟು ಎಳೆಯಲಿ. ವಾರ ಕಳೆಯುವಷ್ಟರಲ್ಲಿ ತಮ್ಮ ಮನೆಯ ಪಂಕ್ತಿ ಅವರಿಗೆ ತಾನಾಗಿ ಕಾಣುತ್ತದೆ. ನಾರ್ವೆಯ ಹುಡುಗ ತನ್ನ ನುಡಿಯಲ್ಲಿ ಮಾಡಿದ್ದೂ ಇದನ್ನೇ. ಅದಕ್ಕೆ ಪ್ರಯೋಗಾಲಯ ಬೇಕಿರಲಿಲ್ಲ; ಬೇಕಾದದ್ದು ಕೋಳಿ, ಪುಸ್ತಕ ಮತ್ತು ತಾಳ್ಮೆ.

ಬರೆಯುವಾಗ ನಮ್ಮ ಮಾತುಗಳು ಮರಳಿ ನಾಲಿಗೆಗೆ ಬರುತ್ತವೆ. ಓಣಿಯ ಗೆಳೆಯರು ಪುಂಜು ಎನ್ನುವುದನ್ನು ಮನೆಯಲ್ಲಿ ಹುಂಜ ಎನ್ನುತ್ತೇವೆ. ಹಳಗನ್ನಡದ ಪಕಾರ ಮುಂದೆ ಹಕಾರವಾದುದರಿಂದ ಬಂದ ಭೇದವಿದು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ. ತೆಲುಗಿನ ಪೆಂಟಿಯೂ ನಮ್ಮ ಹೇಂಟೆಯೂ ಹಾಗೆಯೇ ಅಕ್ಕತಂಗಿಯರು. ಎರಡು ನುಡಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಈ ವ್ಯಾಕರಣ ಪಾಠವನ್ನು ಅಂಗಳದ ಹುಂಜವೇ ಹೇಳಿಕೊಡಬಲ್ಲದು.

ಕಳೆದ ವರ್ಷ ನಾವು ಮತ್ತೆ ಆರು ಮರಿಗಳನ್ನು ತಂದೆವು. ಮೊದಲು ಮೂರು ವಾರ ಬೇರೆ ಇಟ್ಟು, ಆಮೇಲೆ ಹನ್ನೊಂದು ದಿನ ಬುಟ್ಟಿಯಡಿ ಸಾಕಿದೆವು. ಬುಟ್ಟಿ ಎತ್ತುವ ದಿನವನ್ನು ನಿಶ್ಚಯಿಸಿದವಳು ಮಗಳು. ಕರಿಕೋಳಿ ಎರಡು ದಿನದಿಂದ ಬುಟ್ಟಿಯ ಹತ್ತಿರ ಹೋಗಿಲ್ಲವೆಂದು ಅವಳ ಪುಸ್ತಕ ಹೇಳುತ್ತಿತ್ತು. ಮೊದಲ ಸಂಜೆ ನಾಲ್ಕೈದು ಕುಕ್ಕುಗಳು ಬಿದ್ದವು, ಒಂದೆರಡು ಗರಿ ಉದುರಿದವು. ಕತ್ತಲಾಯಿತು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಆರೂ ಮರಿಗಳು ಹೊರಗೆ ಬಂದವು, ಎಲ್ಲಕ್ಕಿಂತ ಕೊನೆಯಲ್ಲಿ, ತಮ್ಮ ಸರದಿಗೆ ಕಾದು.