ನಿಮಗಿದು ಗೊತ್ತೇ? ಕಣ್ಣು ಹೇಳದ ಕಾಮಣಿ, ರಕ್ತ ಹೇಳುವ ಗುಟ್ಟು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಯಾರದಾದರೂ ಕಣ್ಣು ಹಳದಿಯಾದರೆ ಸಾಕು, ‘ಕಾಮಣಿ ಆಗ್ಯಾದ’ ಎಂದು ಮನೆಯವರೇ ತೀರ್ಪು ಕೊಟ್ಟುಬಿಡುತ್ತಾರೆ. ಕಣ್ಣು ಬೆಳ್ಳಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಹೆಪಟೈಟಿಸ್ ಬಿ ವೈರಸ್ಸನ್ನು ವರ್ಷಗಟ್ಟಲೆ ಮೈಯಲ್ಲಿ ಇಟ್ಟುಕೊಂಡು ಓಡಾಡುವವರಲ್ಲಿ ಬಹಳಷ್ಟು ಮಂದಿಯ ಕಣ್ಣು ಒಂದು ದಿನವೂ ಹಳದಿಯಾಗಿರುವುದಿಲ್ಲ. ಅವರ ಮಟ್ಟಿಗೆ ಬಾಯಿ ಬಿಡುವುದು ರಕ್ತವೊಂದೇ.

● ಈ ವೈರಸ್ಸಿನ ಮೊದಲ ಸುಳಿವು ಹಿಡಿದ ಬರೂಚ್ ಬ್ಲಂಬರ್ಗ್ ವೈರಸ್ ಹುಡುಕಲು ಹೊರಟವರೇ ಅಲ್ಲ! ಬೇರೆ ಬೇರೆ ಜನಾಂಗದವರ ರಕ್ತದ ಪ್ರೋಟೀನುಗಳಲ್ಲಿ ಹುಟ್ಟಿನಿಂದ ಬರುವ ವ್ಯತ್ಯಾಸ ಏನೆಂಬುದು ಅವರ ಕುತೂಹಲವಾಗಿತ್ತು. ಅಮೆರಿಕದ ಪ್ರಯೋಗಾಲಯದಲ್ಲಿ 1963ರ ಸುಮಾರಿಗೆ ಅವರೂ ಹಾರ್ವಿ ಆಲ್ಟರ್ ಅವರೂ ಮಾಡುತ್ತಿದ್ದ ಪರೀಕ್ಷೆ ಬಹಳ ಸರಳ. ಅಗರ್ ಜೆಲ್ಲಿನಲ್ಲಿ ಪುಟ್ಟ ಪುಟ್ಟ ಗುಳಿ ತೋಡಿ, ಒಂದಕ್ಕೆ ಹಲವು ಸಲ ರಕ್ತ ಪಡೆದಿದ್ದ ಹೀಮೋಫಿಲಿಯಾ ರೋಗಿಯ ಸೀರಮ್, ಸುತ್ತಲಿನವಕ್ಕೆ ಬೇರೆ ಬೇರೆಯವರ ಸೀರಮ್ ಹಾಕಿ ಕಾಯುವುದು. ಎರಡೂ ಕಡೆಯಿಂದ ಹರಿದು ಬಂದದ್ದು ನಡುವೆ ಒಂದನ್ನೊಂದು ಹಿಡಿದುಕೊಂಡರೆ ಅಲ್ಲೊಂದು ಗೆರೆ ಮೂಡುತ್ತದೆ. 24 ಮಂದಿಯ ಸೀರಮ್ ಇಟ್ಟು ನೋಡಿದಾಗ ಗೆರೆ ಮೂಡಿದ್ದು ಒಬ್ಬರದಕ್ಕೆ ಮಾತ್ರ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತಕ್ಕೆ. ಅದಕ್ಕೇ ಅದಕ್ಕೆ ‘ಆಸ್ಟ್ರೇಲಿಯಾ ಆ್ಯಂಟಿಜೆನ್’ ಎಂದು ಹೆಸರಾಯಿತು. ಇಂದು ಲ್ಯಾಬ್ ಚೀಟಿಯಲ್ಲಿ ‘ಎಚ್‌ಬಿಎಸ್‌ಎಜಿ’ ಎಂದು ಬರೆಯುವುದು ಅದನ್ನೇ.

● ಅದು ರೋಗದ ಗುರುತು ಎಂದು ತಿಳಿಯಲು ಇನ್ನೂ ಮೂರ್ನಾಲ್ಕು ವರ್ಷ ಬೇಕಾಯಿತು. ವಂಶದಿಂದ ಬರುವ ಗುಣವಿರಬಹುದು ಎಂದೇ ಬ್ಲಂಬರ್ಗ್ ತಂಡ ಮೊದಲು ನಂಬಿತ್ತು. ಡೌನ್ ಸಿಂಡ್ರೋಮ್ ಇದ್ದ ಒಬ್ಬರ ರಕ್ತದಲ್ಲಿ ಮೊದಲು ಇಲ್ಲದ ಆ್ಯಂಟಿಜೆನ್ ಆಮೇಲೆ ಕಾಣಿಸಿತು. ಹುಟ್ಟಿನಿಂದ ಬಂದ ಗುಣ ನಡುವೆ ಹುಟ್ಟಿಕೊಳ್ಳುವುದು ಹೇಗೆ? ಅನುಮಾನ ಬಲಿಯುತ್ತಿದ್ದಾಗಲೇ, 1967ರಲ್ಲಿ, ಬ್ಲಂಬರ್ಗ್ ಅವರ ಫಿಲಡೆಲ್ಫಿಯಾ ಲ್ಯಾಬಿನ ತಂತ್ರಜ್ಞೆ ಬಾರ್ಬರಾ ವರ್ನರ್ ಅವರಿಗೆ ಮೈ ಹುಷಾರು ತಪ್ಪಿತು. ದಿನವೂ ಪರರ ರಕ್ತ ಪರೀಕ್ಷಿಸುತ್ತಿದ್ದವರು ಈ ಸಲ ತಮ್ಮದನ್ನೇ ಜೆಲ್ಲಿಗೆ ಹಾಕಿದರು. ಮಸುಕಾಗಿ ಗೆರೆ ಮೂಡಿತು, ಹಿಂದೆಯೇ ಹೆಪಟೈಟಿಸ್ ಬಂತು. ಈ ಪರೀಕ್ಷೆಯಿಂದ ಪತ್ತೆಯಾದ ಮೊದಲ ಹೆಪಟೈಟಿಸ್ ರೋಗಿ ಪರೀಕ್ಷೆ ಮಾಡಿದವರೇ. ಅವರು ಗುಣವಾದರು. 1976ರ ನೊಬೆಲ್ ಬ್ಲಂಬರ್ಗ್‌ಗೆ ಬಂತು. ವರ್ನರ್ ಹೆಸರು ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು ಎಂಬುದು ಈ ಅಂಕಣಕಾರನ ತಕರಾರು.

● ಅಷ್ಟು ಒರಟು ಪರೀಕ್ಷೆಗೆ ಅಷ್ಟು ಸಣ್ಣ ವೈರಸ್ ಸಿಕ್ಕಿದ್ದು ಹೇಗೆ? ಸಿಕ್ಕಿದ್ದು ವೈರಸ್ ಅಲ್ಲ, ಅದರ ಅಂಗಿ. ಹೊರಕವಚದ ಪ್ರೋಟೀನನ್ನು ಈ ವೈರಸ್ ಅಗತ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಯಾರಿಸಿ ರಕ್ತಕ್ಕೆ ಸುರಿಯುತ್ತದೆ. ತೊಗರಿ ರಾಶಿಯ ಕಣದಲ್ಲಿ ಕಾಳಿಗಿಂತ ಹೊಟ್ಟೇ ಹಾರಾಡಿದ ಹಾಗೆ, ಒಂದು ನಿಜವಾದ ವೈರಸ್ಸಿಗೆ ಸಾವಿರ, ಕೆಲವೊಮ್ಮೆ ಅದಕ್ಕೂ ಎಷ್ಟೋ ಹೆಚ್ಚು ಖಾಲಿ ಕವಚ ಇರುತ್ತವೆ. ಆ ಖಾಲಿ ಕಣದ ಅಗಲ 22 ನ್ಯಾನೋಮೀಟರ್. 42 ನ್ಯಾನೋಮೀಟರಿನ ಇಡೀ ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ್ದು 1970ರಲ್ಲಿ, ಲಂಡನ್ನಿನ ಡೇವಿಡ್ ಡೇನ್.

● ಇಷ್ಟೆಲ್ಲ ಕಾಟ ಕೊಡುವ ವೈರಸ್ಸಿನ ಡಿಎನ್‌ಎ ಎಷ್ಟು ಉದ್ದ? ಸುಮಾರು 3,200 ಅಕ್ಷರ. ಅಷ್ಟರಲ್ಲೇ ನಾಲ್ಕು ಜೀನು, ಅವೂ ಒಂದರ ಮೇಲೊಂದು ಹೊರಳಿಕೊಂಡು.

● ಬ್ಲಂಬರ್ಗ್ ನಮ್ಮ ರಾಜ್ಯಕ್ಕೂ ಬಂದಿದ್ದರು! 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಇಳಿವಯಸ್ಸಿನಲ್ಲಿ ನಾಸಾ ಸೇರಿ, ಭೂಮಿಯಾಚೆ ಜೀವವಿದೆಯೇ ಎಂದು ಹುಡುಕುವ ಸಂಸ್ಥೆಯ ಮುಖ್ಯಸ್ಥರೂ ಆದರು. ಜುಲೈ 28ರಂದು ವಿಶ್ವ ಹೆಪಟೈಟಿಸ್ ದಿನ ಆಚರಿಸುವುದು ಅವರ ಹುಟ್ಟುಹಬ್ಬವೆಂದೇ.

● ನಮ್ಮ ಹೊಲದ ಬದುವಿನ ನೆಲನೆಲ್ಲಿ ಫಿಲಡೆಲ್ಫಿಯಾದ ಲ್ಯಾಬಿಗೂ ಹೋಗಿತ್ತು ಎಂದರೆ ನಂಬುತ್ತೀರಾ? ಕಾಮಣಿಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುವುದು ನಮ್ಮಲ್ಲಿ ಮನೆಮನೆಗೂ ಗೊತ್ತು. ಮದ್ರಾಸಿನ ವಿಜ್ಞಾನಿ ಎಸ್. ಪಿ. ತ್ಯಾಗರಾಜನ್ ಅದರ ರಸ ಪರೀಕ್ಷಾನಳಿಕೆಯಲ್ಲಿ ಈ ಆ್ಯಂಟಿಜೆನ್ನಿನ ಮೇಲೆ ಕೆಲಸ ಮಾಡುತ್ತದೆ ಎಂದು 1982ರಲ್ಲೇ ಬರೆದಿದ್ದರು. ಬ್ಲಂಬರ್ಗ್ ತಂಡವೂ ಕೈಹಾಕಿತು. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ನೋಡಿ ಜಗತ್ತೇ ಕಣ್ಣರಳಿಸಿತು: 30 ದಿನ ನೆಲನೆಲ್ಲಿ ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಆ್ಯಂಟಿಜೆನ್ ಮಾಯ, ಹುಸಿ ಔಷಧಿ ತಿಂದ 23ರಲ್ಲಿ ಒಬ್ಬರದು ಮಾತ್ರ. ಆದರೆ 1990ರಲ್ಲಿ ಥಾಯ್ಲೆಂಡಿನಲ್ಲಿ, ಆಮೇಲೆ ನ್ಯೂಜಿಲೆಂಡಿನಲ್ಲಿ ಮಾಡಿ ನೋಡಿದರೆ ಆ ಫಲ ಸಿಗಲೇ ಇಲ್ಲ. ಹಾಗಾದರೆ ಊರಿನ ಔಷಧಿಯಿಂದ ಅಷ್ಟೊಂದು ಜನ ಗುಣವಾಗುವುದು ಹೇಗೆ? ನೀರಿನಿಂದ ಬರುವ ಎ ಮತ್ತು ಇ ಬಗೆಯ ಹೆಪಟೈಟಿಸ್ ಬಹುತೇಕರಿಗೆ ಕೆಲವು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ದೊಡ್ಡವರಾದ ಮೇಲೆ ಹತ್ತಿದ ಬಿ ಕೂಡ ನೂರರಲ್ಲಿ ಸುಮಾರು 95 ಮಂದಿಗೆ ತಾನೇ ಬಿಟ್ಟುಹೋಗುತ್ತದೆ. ಕೀರ್ತಿ ಮಾತ್ರ ಮದ್ದು ಕೊಟ್ಟವರಿಗೆ. ಕಾಮಣಿಗೆಂದು ಮುಂಗೈಗೆ ಬರೆ ಎಳೆಯುವವರಿಗೂ ಇದೇ ಲೆಕ್ಕ. ಆದರೆ ಅಲ್ಲಿ ಸುಟ್ಟ ಗಾಯ ಉಚಿತ.

● ತಾಲ್ಲೂಕು ದವಾಖಾನೆಯಲ್ಲಿ ಈ ಆ್ಯಂಟಿಜೆನ್ನಿನ ಪರೀಕ್ಷೆ ನಡೆಯುವುದನ್ನು ಎಂದಾದರೂ ಹತ್ತಿರದಿಂದ ನೋಡಿದ್ದೀರಾ? ತೋಳಿಗೆ ಪಟ್ಟಿ ಬಿಗಿದು, ಮೊಣಕೈ ಮಡಿಕೆಯ ರಕ್ತನಾಳದಿಂದ ಎರಡು ಮೂರು ಮಿಲಿಲೀಟರ್ ರಕ್ತ. ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೆಂಪೆಲ್ಲ ತಳಕ್ಕೆ ಕೂತು ಮೇಲೆ ತಿಳಿಹಳದಿ ಸೀರಮ್ ನಿಲ್ಲುತ್ತದೆ. ಬೆರಳುದ್ದದ ಪ್ಲಾಸ್ಟಿಕ್ ಕಾರ್ಡಿನ ಗುಳಿಗೆ ಅದನ್ನು ಡ್ರಾಪರಿನಿಂದ ತೊಟ್ಟು ತೊಟ್ಟಾಗಿ ಹಾಕುತ್ತಾರೆ. ತೇವ ಬಿಳಿ ಪಟ್ಟಿಯ ಮೇಲೆ ನಿಧಾನಕ್ಕೆ ಏರತೊಡಗುತ್ತದೆ. ದಾರಿಯಲ್ಲಿ ಬಣ್ಣದ ಕಣ ಅಂಟಿಸಿದ ಪ್ರತಿಕಾಯಗಳು ಕಾದಿರುತ್ತವೆ. ಆ ಬಣ್ಣ ಬಹಳ ಕಿಟ್‌ಗಳಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳದ್ದು. ಹೌದು, ಅಸಲಿ ಚಿನ್ನ, ಅಷ್ಟು ನುಣ್ಣಗಾದರೆ ಕೆಂಪಗೆ ಕಾಣುತ್ತದೆ. ಆ್ಯಂಟಿಜೆನ್ ಇದ್ದರೆ ಅದನ್ನು ಹಿಡಿದು ಮುಂದೆ ಸಾಗಿ ‘ಟಿ’ ಎಂಬಲ್ಲಿ ಸಿಕ್ಕಿಬಿದ್ದು ಗೆರೆಯಾಗುತ್ತದೆ. 15–20 ನಿಮಿಷದ ಕೆಲಸ. ‘ಟಿ’ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ‘ರಿಯಾಕ್ಟಿವ್’ ಎಂದೇ. ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ‘ಸಿ’ ಗೆರೆ ಮೂಡದಿದ್ದರೆ ಮಾತ್ರ ಕಾರ್ಡೇ ಕೆಟ್ಟಿದೆ, ಹೊಸದು ತೆಗೆಯಬೇಕು.

● ಮೊನ್ನೆ ಮೊನ್ನೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡವರ ರಕ್ತದಲ್ಲೂ ಕೆಲವು ದಿನ ಈ ಪರೀಕ್ಷೆ ‘ರಿಯಾಕ್ಟಿವ್’ ಎನ್ನಬಹುದು. ಲಸಿಕೆಯೆಂದರೆ ಅದೇ ಖಾಲಿ ಅಂಗಿ ತಾನೇ! ಗಾಬರಿಯಾಗುವ ಮೊದಲು ಡಾಕ್ಟರಿಗೆ ತಾರೀಖು ಹೇಳಿ.

● ಲಸಿಕೆಯಿಂದ ಬಂದ ರಕ್ಷಣೆ ಯಾವುದು, ರೋಗ ಬಂದು ಹೋದ ಗುರುತು ಯಾವುದು ಎಂದು ರಕ್ತ ಬೇರೆ ಬೇರೆಯಾಗಿ ತೋರಿಸುತ್ತದೆ. ಲಸಿಕೆ ಹಾಕಿಸಿಕೊಂಡವರಲ್ಲಿ ಕವಚದ ವಿರುದ್ಧದ ಪ್ರತಿಕಾಯ ಮಾತ್ರ. ವೈರಸ್ಸೇ ಹೊಕ್ಕಿದ್ದವರಲ್ಲಿ ಅದರ ತಿರುಳಿನ ವಿರುದ್ಧದ ಪ್ರತಿಕಾಯವೂ ಇರುತ್ತದೆ.

● ಸೋಂಕು ತಗುಲಿದ ಮರುದಿನವೇ ಪರೀಕ್ಷೆ ಮಾಡಿಸಿದರೆ ಏನೂ ಗೊತ್ತಾಗದು. ಆ್ಯಂಟಿಜೆನ್ ರಕ್ತದಲ್ಲಿ ಕಾಣಲು ಕೆಲವು ವಾರ ಹಿಡಿಯುತ್ತದೆ. ಆ ನಡುವಿನ ಅವಧಿಯೇ ರಕ್ತನಿಧಿಗಳ ತಲೆನೋವು. ವೈರಸ್ಸಿನ ಡಿಎನ್‌ಎಯನ್ನೇ ಹುಡುಕುವ ‘ನ್ಯಾಟ್’ ಪರೀಕ್ಷೆ ಆ ಅವಧಿಯನ್ನು ಕಿರಿದು ಮಾಡುತ್ತದೆ, ಆದರೆ ದುಬಾರಿ. ಅಂದಹಾಗೆ, ದುಡ್ಡಿಗೆ ರಕ್ತ ಮಾರುವುದು ನಮ್ಮ ದೇಶದಲ್ಲಿ 1998ರ ಜನವರಿಯಿಂದ ನಿಷಿದ್ಧ. ಹಾಗೆ ಮಾಡಿಸಿದ್ದು ಸುಪ್ರೀಂ ಕೋರ್ಟಿನ 1996ರ ತೀರ್ಪು.

● ಸೂಜಿಯಿಂದ ಕಾಮಣಿ ಹರಡಿದ ಹಳೆಯ ದಾಖಲೆ ಜರ್ಮನಿಯ ಬ್ರೆಮೆನ್ ಹಡಗುಕಟ್ಟೆಯದು. 1883ರಲ್ಲಿ 1,289 ಕಾರ್ಮಿಕರಿಗೆ ಸಿಡುಬಿನ ಲಸಿಕೆ ಹಾಕಿದರು, ಮುಂದಿನ ತಿಂಗಳುಗಳಲ್ಲಿ 191 ಮಂದಿಗೆ ಕಾಮಣಿಯಾಯಿತು. ಲಸಿಕೆಯನ್ನು ತಯಾರಿಸಿದ್ದು ಮನುಷ್ಯರ ಮೈಯ ದ್ರವದಿಂದ. ನಮ್ಮ ಕಾಲದ್ದು ಬೇಕೆಂದರೆ 2009ರ ಗುಜರಾತಿನ ಮೋಡಾಸಾ: ಬಳಸಿದ ಸಿರಿಂಜನ್ನೇ ಮತ್ತೆ ಚುಚ್ಚಿ ಹತ್ತಾರು ಜೀವ ಹೋದವು. ಮೈಕೈ ನೋವಿಗೂ ‘ಒಂದ್ ಸೂಜಿ ಹಾಕ್ರಿ’ ಎಂದು ಕೇಳುವವರು, ಪೊಟ್ಟಣ ನಿಮ್ಮೆದುರೇ ಹರಿಯುತ್ತಾರೋ ಇಲ್ಲವೋ ನೋಡಿಕೊಳ್ಳಿ.

● ಒಣಗಿದ ರಕ್ತದ ಕಲೆಯಲ್ಲಿ ಈ ವೈರಸ್ ಕನಿಷ್ಠ 7 ದಿನ ಬದುಕಿರಬಲ್ಲದು. ಕ್ಷೌರದ ಬ್ಲೇಡು, ಜಾತ್ರೆಯಲ್ಲಿ ಹಚ್ಚೆ ಹಾಕುವ ಸೂಜಿ ಎರಡಕ್ಕೂ ಈ ಮಾತು ಅನ್ವಯ. ಒಂದೇ ತಟ್ಟೆಯಲ್ಲಿ ಉಂಡರೆ, ಕೈ ಕುಲುಕಿದರೆ, ಸೊಳ್ಳೆ ಕಡಿದರೆ ಬರುವುದಿಲ್ಲ.

● ಮೊದಲ ಲಸಿಕೆಯನ್ನು ರೋಗವಾಹಕರ ರಕ್ತದಿಂದಲೇ ತೆಗೆಯುತ್ತಿದ್ದರು! ಅಮೆರಿಕದಲ್ಲಿ 1981ರಲ್ಲಿ ಒಪ್ಪಿಗೆ ಪಡೆದ ಆ ಲಸಿಕೆಗೆ ಖಾಲಿ ಕವಚಗಳನ್ನು ಪ್ಲಾಸ್ಮಾದಿಂದ ಸೋಸಿ ಶುದ್ಧಿ ಮಾಡುತ್ತಿದ್ದರು. 1986ರಲ್ಲಿ ಯೀಸ್ಟಿನಿಂದ ಅದೇ ಕವಚ ಮಾಡಿಸಿದ ಲಸಿಕೆ ಬಂತು. ಭಾರತದಲ್ಲಿ ಅದನ್ನು ಮೊದಲು ಮಾಡಿದ್ದು ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್, 1997ರಲ್ಲಿ. ಆಮದು ಲಸಿಕೆಗೆ ನೂರಾರು ರೂಪಾಯಿ ತೆರಬೇಕಿದ್ದ ಕಾಲ ಅದು. ಶಾಂತಾದ ‘ಶಾನ್‌ವ್ಯಾಕ್’ ಲಸಿಕೆ ಬಂದ ಮೇಲೆ ಬೆಲೆ ದಡದಡನೆ ಇಳಿಯಿತು. 1874ರಲ್ಲಿ ನಿಜಾಮರ ಕಾಲದಲ್ಲಿ ಹಾಕಿದ ವಾಡಿ–ಸಿಕಂದರಾಬಾದ್ ರೈಲುಹಳಿ ಚಿತ್ತಾಪುರ, ಸೇಡಂ ದಾಟಿಯೇ ಅಲ್ಲಿಗೆ ಹೋಗುತ್ತದೆ. ಇಲ್ಲಿಯವರು ದೊಡ್ಡ ದವಾಖಾನೆ ಎಂದರೆ ಕಲಬುರಗಿ, ಇಲ್ಲವೇ ಹೈದರಾಬಾದ್ ಎನ್ನುವುದಕ್ಕೂ ಆ ಹಳಿಯೇ ಅರ್ಧ ಕಾರಣ.

● ಬೇಸಿಗೆಯಲ್ಲಿ ಶಹಾಬಾದ ಕಲ್ಲಿನ ಹಾಸು ಕಾಲು ಸುಡುವ ಈ ಸೀಮೆಯಲ್ಲಿ ಲಸಿಕೆಗೆ ಬಿಸಿಲೇ ಶತ್ರು ಎಂದುಕೊಂಡಿದ್ದೀರಾ? ಹೆಪಟೈಟಿಸ್ ಬಿ ಲಸಿಕೆಯ ವಿಷಯದಲ್ಲಿ ಹೆಚ್ಚು ಅಂಜಬೇಕಾದ್ದು ಮಂಜುಗಡ್ಡೆಗೆ. ಇಡಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ; ಆದರೂ ಬಿಸಿಯನ್ನು ಒಂದಿಷ್ಟು ತಡೆದುಕೊಳ್ಳುವ ಗಟ್ಟಿ ಲಸಿಕೆ ಇದು. ಒಮ್ಮೆ ಹೆಪ್ಪುಗಟ್ಟಿತೋ, ಅದರಲ್ಲಿನ ಅಲ್ಯೂಮಿನಿಯಂ ಲವಣ ಗಂಟುಗಟ್ಟಿ ಕೆಲಸಕ್ಕೆ ಬಾರದಾಗುತ್ತದೆ. ಅದಕ್ಕೇ ಅನುಮಾನ ಬಂದರೆ ಸೀಸೆ ಅಲುಗಾಡಿಸಿ, ಗಷ್ಟು ಎಷ್ಟು ಬೇಗ ತಳ ಸೇರುತ್ತದೆ ಎಂದು ನೋಡುವ ‘ಶೇಕ್ ಟೆಸ್ಟ್’ ಇದೆ.

● ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಸೋಂಕು ಪಡೆದ ಹತ್ತು ಕೂಸುಗಳಲ್ಲಿ ಒಂಬತ್ತಕ್ಕೆ ಅದು ಜೀವನಪೂರ್ತಿ ಉಳಿಯುತ್ತದೆ. ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸು. ಆಮೇಲೆ 6, 10, 14ನೇ ವಾರ ‘ಪೆಂಟಾ’ ಚುಚ್ಚುಮದ್ದಿನಲ್ಲಿ ಸೇರಿ ಬರುತ್ತದೆ. ಚಿಂಚೋಳಿಯ ತಾಂಡಾಗಳಿಂದ ಗುಳೆ ಹೋದವರ ಹೆರಿಗೆ ಎಲ್ಲೋ ಕಟ್ಟಡದ ಶೆಡ್ಡಿನಲ್ಲಿ ಆದರೆ ಆ 24 ಗಂಟೆ ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಗರ್ಭಿಣಿಗೆ ಎಚ್‌ಬಿಎಸ್‌ಎಜಿ ತಪಾಸಣೆ ಮಾಡುವುದೂ ಕೂಸಿನ ಸಲುವಾಗಿಯೇ. ಎದೆಹಾಲು ಬಿಡಿಸಬೇಕಿಲ್ಲ.

● ಸೌದಿಗೋ ದುಬೈಗೋ ದುಡಿಯಲು ಹೊರಟ ಎಷ್ಟೋ ತರುಣರಿಗೆ ತಮಗೆ ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾಗುವುದು ವೀಸಾ ಮೆಡಿಕಲ್‌ನಲ್ಲಿ. ಗಲ್ಫ್ ದೇಶಗಳ ಆ ಪಟ್ಟಿಯಲ್ಲಿ ಈ ಪರೀಕ್ಷೆಯೂ ಇದೆ. ‘ಅನ್‌ಫಿಟ್’ ಎಂಬ ಮೊಹರು ಕಂಡು ಏಜೆಂಟನ ಬಳಿಗೆ ಓಡುತ್ತಾರೆ, ಡಾಕ್ಟರ ಬಳಿಗೆ ಹೋಗುವುದಿಲ್ಲ.

● ವೈರಸ್ ಹೊಸದೇ? ಸಾವಿರಾರು ವರ್ಷ ಹಳೆಯ ಅಸ್ಥಿಪಂಜರಗಳ ಹಲ್ಲಿನಿಂದಲೂ ಇದರ ಡಿಎನ್‌ಎ ಸಿಕ್ಕಿದೆ.

● ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ ಭಾರತದಲ್ಲಿ ಸುಮಾರು 2.98 ಕೋಟಿ ಜನರಲ್ಲಿ ಈ ಸೋಂಕಿದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಡಿ ತಪಾಸಣೆಯೂ ಔಷಧಿಯೂ ಉಚಿತ. ಸೋಂಕು ಇದ್ದವರಿಗೆಲ್ಲ ಮಾತ್ರೆ ಬೇಕಾಗದು. ಲಿವರಿನ ಸ್ಥಿತಿ, ರಕ್ತದಲ್ಲಿನ ಡಿಎನ್‌ಎ ಪ್ರಮಾಣ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ. ಬೇಕಾದವರಿಗೆ ಹೆಚ್ಚಾಗಿ ದಿನಕ್ಕೊಂದು ಟೆನೊಫೊವಿರ್. ಅದು ವೈರಸ್ ಬೆಳೆಯದಂತೆ ಹಿಡಿದಿಡುತ್ತದೆ, ಬೇರು ಕೀಳುವುದಿಲ್ಲ; ಲಿವರಿನ ಜೀವಕೋಶದ ಕೇಂದ್ರದಲ್ಲಿ ವೈರಸ್ಸಿನ ಡಿಎನ್‌ಎ ಉಂಗುರವಾಗಿ ಅಡಗಿ ಕೂತಿರುತ್ತದೆ. ಮೈ ಹಗುರಾಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದವರ ರಕ್ತದಲ್ಲಿ ಅದು ಮತ್ತೆ ಏರುವುದು ಇದೇ ಕಾರಣಕ್ಕೆ.